ಮೂವತ್ತಾರನೆಯ ಪ್ರಶ್ನೆ

ಹೋದ ವರ್ಷ ಕರ್ನಾಟಕದ ಆರ್ಥಿಕತೆಯ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಬೋರ್ಡಿನ ಮೇಲೆ ನಾನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಪಟ್ಟಿ ಬರೆದಿದ್ದೆ. ಹಿಂದುಳಿದ ತಾಲ್ಲೂಕುಗಳು 114, ಸಾಪೇಕ್ಷವಾಗಿ ಮುಂದುವರಿದವು 61. ಮಂಡ್ಯ ತಾಲ್ಲೂಕು ಆ 61ರಲ್ಲಿ ಒಂದು ಎಂದು ಹೇಳಿ ಮುಗಿಸಿದ್ದೆ. ಅವಳು ಕೇಳಿದಳು:

"ಮೇಡಂ, ನಮ್ಮ ತಾಲ್ಲೂಕು ಮುಂದುವರಿದಿದೆ ಅಂದರೆ ನಮ್ಮನೆ ಯಾಕೆ ಹಿಂಗಿದೆ?"

ಕೆಲವರು ನಕ್ಕರು. ಅವಳು ನಗಲಿಲ್ಲ. ನಾನೂ ನಗಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯಾಗಿದ್ದರೆ ಉತ್ತರ ಹೇಳಿಬಿಡುತ್ತಿದ್ದೆ. ಸರಾಸರಿ ಎಂದರೆ ಏನು, ಅದು ಏನನ್ನು ಮುಚ್ಚಿಡುತ್ತದೆ ಎಂದು ಒಂದು ಗಂಟೆ ಮಾತಾಡಬಹುದು. ಆದರೆ ಆ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ಹತ್ತೊಂಬತ್ತು ವರ್ಷಗಳ ಹಿಂದೆ ನಮ್ಮಪ್ಪ ನನ್ನ ಮುಂದೆ ಇಟ್ಟಿದ್ದರು. ಅದಕ್ಕೂ ಮೊದಲು ನನ್ನ ಹಾಸ್ಟೆಲ್ ಗೆಳತಿಯೊಬ್ಬಳು ಅದನ್ನೇ ಇನ್ನೊಂದು ಬದಿಯಿಂದ ಕೇಳಿದ್ದಳು. ಇಬ್ಬರಿಗೂ ನಾನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಗೆಳತಿಗೆ ಕೊಟ್ಟ ಉತ್ತರವಂತೂ ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ.

ನಮ್ಮದು ಕೆರಗೋಡು ಹೋಬಳಿಯ ಒಂದು ಸಣ್ಣ ಊರು. ಎರಡೂವರೆ ಎಕರೆ ಜಮೀನು. ನಾಲೆ ನಮ್ಮ ಊರಿನವರೆಗೆ ಬರುತ್ತದೆ, ನೀರು ಬರುತ್ತದೆ ಎಂದು ಹೇಳಲಾರೆ. ಮೇಲಿನ ತೂಬಿನವರು ಭತ್ತ ನಾಟಿ ಮಾಡಿ, ಕಬ್ಬಿಗೆ ಹಾಯಿಸಿ, ಸಾಕಾಗಿ ಬಿಟ್ಟದ್ದು ನಮಗೆ. ಒಳ್ಳೆಯ ಮಳೆಯಾದ ವರ್ಷ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಟ್ಟೆ ತುಂಬದ ವರ್ಷ ನಾಲೆಯ ತಳದಲ್ಲಿ ನಾವು ಹುಡುಗರು ಕ್ರಿಕೆಟ್ ಆಡುತ್ತಿದ್ದೆವು. ಕೊನೆಭಾಗ, ಟೈಲ್ ಎಂಡ್ ಎಂಬ ಮಾತುಗಳನ್ನು ನಾನು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಅಪ್ಪನ ಬಾಯಲ್ಲಿ ಕೇಳಿದ್ದೆ.

ಆದರೂ ಹೊರಗೆ ಹೋದಾಗ ಮಂಡ್ಯದವಳು ಎನ್ನುವ ಗತ್ತು ನನಗಿತ್ತು. ಅದು ನಮ್ಮ ಕಡೆಯವರ ರಕ್ತದಲ್ಲೇ ಇದೆಯೇನೋ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಅಲ್ಲಿಂದ ಹೊರಟ ನಾಲೆ ಹುಲಿಕೆರೆಯ ಸುರಂಗ ಹಾದು ಒಣಭೂಮಿಗೆ ಬಂತು, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಸೀಮೆ ಭತ್ತ, ಕಬ್ಬಿನ ಸೀಮೆಯಾಯಿತು. ನಮ್ಮ ಮನೆಗಳಲ್ಲಿ ದೇವರ ಪಟದ ಪಕ್ಕ ವಿಶ್ವೇಶ್ವರಯ್ಯನವರ ಪಟ ಇರುವುದು ಇದಕ್ಕೇ. ಸರ್ಕಾರ ಎಂಬುದು ಮನಸ್ಸು ಮಾಡಿದರೆ ಒಂದು ನೆಲದ ಹಣೆಬರಹ ಬದಲಿಸಬಹುದು ಎಂಬುದಕ್ಕೆ ನಾವೇ ಸಾಕ್ಷಿ. ಆದರೆ ಆ ಸರ್ಕಾರ ಎಲ್ಲರ ವಿಷಯದಲ್ಲೂ ಮನಸ್ಸು ಮಾಡಲಿಲ್ಲ ಎಂಬುದು ನಮಗೆ ಹೊಳೆಯುವುದಿಲ್ಲ. ನೀರು ನಮ್ಮ ಗುಣಕ್ಕೆ ಬಂದದ್ದು ಎಂದುಕೊಳ್ಳುತ್ತೇವೆ.

2005ರಲ್ಲಿ ನಾನು ಎಂ.ಎ. ಓದಲು ಮೈಸೂರಿನ ಮಾನಸಗಂಗೋತ್ರಿಗೆ ಸೇರಿದೆ. ನಂಜುಂಡಪ್ಪನವರು ತೀರಿಕೊಂಡದ್ದೂ ಅದೇ ವರ್ಷ. ಅಲ್ಲಿಯವರೆಗೆ ಅವರ ಹೆಸರನ್ನು ಪೇಪರಿನಲ್ಲಿ ಓದಿದ್ದೆ ಅಷ್ಟೆ. ನಮ್ಮ ಮೇಷ್ಟ್ರೊಬ್ಬರು ಅಂದು ಪಾಠ ನಿಲ್ಲಿಸಿ ಅವರ ಬಗ್ಗೆ ಮಾತಾಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ರಸ್ತೆ ಸಾರಿಗೆಯ ತೆರಿಗೆ, ಹಣಕಾಸಿನ ಬಗ್ಗೆ, ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕೂತ ಕೈಗಳನ್ನು ಸಾರ್ವಜನಿಕ ಕಾಮಗಾರಿಗೆ ಹಚ್ಚುವ ಬಗ್ಗೆ ಬರೆದವರು. ಆಮೇಲೆ ರಾಜ್ಯ ಸರ್ಕಾರದ ಯೋಜನಾ ಇಲಾಖೆಗೆ ಬಂದರು, ಆರ್ಥಿಕ ಸಲಹೆಗಾರರಾದರು. ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು.

ಕರ್ನಾಟಕದ ದೊಡ್ಡ ಅರ್ಥಶಾಸ್ತ್ರಜ್ಞ ಯಾರು ಎಂದರೆ ಹೆಚ್ಚಿನವರು ವಿ.ಕೆ.ಆರ್.ವಿ. ರಾವ್ ಹೆಸರು ಹೇಳುತ್ತಾರೆ. ಕೇಂಬ್ರಿಜ್‌ನಲ್ಲಿ ಓದಿದವರು, ದೆಹಲಿಯಲ್ಲಿ ಒಂದು ಸಂಸ್ಥೆ, ಬೆಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಕಟ್ಟಿದವರು, ಬಳ್ಳಾರಿಯಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದವರು. ನಂಜುಂಡಪ್ಪನವರದು ಆ ಮಟ್ಟದ ಖ್ಯಾತಿಯಲ್ಲ. ಅವರು ಹೆಚ್ಚಾಗಿ ಕೆಲಸ ಮಾಡಿದ್ದು ರಾಜ್ಯದೊಳಗೆ. ಆದರೆ ಕರ್ನಾಟಕದ ಯಾವ ಹಳ್ಳಿಯ ಕಟ್ಟೆಯ ಮೇಲೆ ಕೂತು "ನಂಜುಂಡಪ್ಪ ವರದಿ" ಎಂದರೂ ಒಬ್ಬಿಬ್ಬರಾದರೂ ತಲೆ ಎತ್ತಿ ನೋಡುತ್ತಾರೆ. ರಾಯಚೂರು, ಕಲಬುರಗಿ ಕಡೆ ಎಲ್ಲರೂ ನೋಡುತ್ತಾರೆ. ಒಬ್ಬ ಅರ್ಥಶಾಸ್ತ್ರಜ್ಞನ ಹೆಸರು ಅಷ್ಟು ಜನರ ಬಾಯಲ್ಲಿ ಓಡಾಡುವುದು ಸಣ್ಣ ಮಾತಲ್ಲ.

ಆ ವರದಿಯ ಹುಟ್ಟಿಗೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. 2000ದಲ್ಲಿ ಸಮಿತಿ ರಚನೆಯಾದಾಗ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡದ ಭಾಗಗಳು ಒಂದಾದವು. ಒಂದೊಂದು ಭಾಗ ಒಂದೊಂದು ಆಳ್ವಿಕೆಯಿಂದ ಬಂದಿತ್ತು. ಮೈಸೂರಿಗೆ ಕಟ್ಟೆ, ಕಾರ್ಖಾನೆ, ಶಾಲೆಗಳ ಆಸ್ತಿ ಇತ್ತು. ನಿಜಾಮರ ಕಡೆಯ ಜಿಲ್ಲೆಗಳಿಗೆ ಅದು ಇರಲಿಲ್ಲ. ಮನೆ ಒಂದಾಯಿತು, ಆದರೆ ಒಬ್ಬ ಅಣ್ಣ ತುಂಬಿದ ಕಣಜದೊಂದಿಗೆ ಬಂದ, ಇನ್ನೊಬ್ಬ ಬರಿಗೈಯಲ್ಲಿ ಬಂದ. ನಾಲ್ಕೂವರೆ ದಶಕ ಕಳೆದರೂ ಆ ಅಂತರ ತುಂಬಲಿಲ್ಲ ಎಂಬ ಕೂಗು ಜೋರಾದಾಗ ಈ ಉನ್ನತಾಧಿಕಾರ ಸಮಿತಿ ಬಂತು. 2002ರ ಜೂನ್‌ನಲ್ಲಿ ವರದಿ ಕೊಟ್ಟಿತು.

ನಂಜುಂಡಪ್ಪನವರು ಮಾಡಿದ್ದನ್ನು ಸರಳವಾಗಿ ಹೇಳಬೇಕೆಂದರೆ, ಅವರು ಎಣಿಸಿದರು. ಉತ್ತರ ಕರ್ನಾಟಕ ಹಿಂದುಳಿದಿದೆ, ದಕ್ಷಿಣ ಮುಂದಿದೆ ಎಂದು ಒಂದು ಮಾತಿನಲ್ಲಿ ಮುಗಿಸಲಿಲ್ಲ. ಜಿಲ್ಲೆಯನ್ನೂ ಬಿಟ್ಟು ತಾಲ್ಲೂಕಿಗೆ ಇಳಿದರು. ಆಗ ಇದ್ದ 175 ತಾಲ್ಲೂಕುಗಳಲ್ಲಿ 35 ಸೂಚಕಗಳನ್ನು ಇಟ್ಟು ನೋಡಿದರು. ನೀರಾವರಿಯಾದ ಜಮೀನು ಎಷ್ಟು, ಟ್ರ್ಯಾಕ್ಟರ್ ಎಷ್ಟು, ಬ್ಯಾಂಕಿನ ಶಾಖೆ ಎಷ್ಟು, ಅಂಚೆ ಕಚೇರಿ, ಟೆಲಿಫೋನು, ರಸ್ತೆ ಎಷ್ಟು, ವೈದ್ಯರೆಷ್ಟು, ಆಸ್ಪತ್ರೆಯ ಹಾಸಿಗೆ ಎಷ್ಟು, ಶಾಲೆಯಿಂದ ಹೊರಗುಳಿದ ಮಕ್ಕಳೆಷ್ಟು, ದಿನಕ್ಕೆ ತಲಾ 40 ಲೀಟರ್ ಕುಡಿಯುವ ನೀರು ಸಿಗುವ ಜನವಸತಿಗಳೆಷ್ಟು, ಹೀಗೆ. ಎಲ್ಲವನ್ನೂ ಕೂಡಿಸಿ ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡರು. ಅದಕ್ಕಿಂತ ಕೆಳಗಿದ್ದವು ಹಿಂದುಳಿದ ತಾಲ್ಲೂಕುಗಳು. ಅದರಲ್ಲಿ ಮೂರು ಬಗೆ. ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35.

ಈ ಎಣಿಕೆಯಲ್ಲಿ ಎರಡೂ ಕಡೆಯವರಿಗೆ ಇರಿಸುಮುರಿಸಾಗುವ ಸತ್ಯವಿತ್ತು. 114ರಲ್ಲಿ 59 ಉತ್ತರದವು, 55 ದಕ್ಷಿಣದವು. ಅಂದರೆ ದಕ್ಷಿಣದಲ್ಲೂ ಬಡ ತಾಲ್ಲೂಕುಗಳಿಗೆ ಬರವಿರಲಿಲ್ಲ. ಆದರೆ ತೀರಾ ತಳದಲ್ಲಿದ್ದ 39ರಲ್ಲಿ 26 ಉತ್ತರದವು. ನೋವು ಎಲ್ಲ ಕಡೆ ಇತ್ತು, ಆಳವಾದ ಗಾಯ ಒಂದೇ ಕಡೆ ಹೆಚ್ಚಿತ್ತು. ಇದನ್ನು ಸರಿಪಡಿಸಲು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಬೇಕು, ಅದರಲ್ಲಿ 16,000 ಕೋಟಿ ಹೆಚ್ಚುವರಿಯಾಗಿ ಹೊಂದಿಸಬೇಕು, ಹಂಚಿಕೆಯಲ್ಲಿ ಉತ್ತರಕ್ಕೆ ಶೇ. 60, ದಕ್ಷಿಣಕ್ಕೆ ಶೇ. 40 ಎಂದು ಲೆಕ್ಕ ಹಾಕಿ ಕೊಟ್ಟರು. ಮಾತಿನ ಜಗಳಕ್ಕೆ ಒಂದು ತಕ್ಕಡಿ ತಂದಿಟ್ಟರು.

ನನ್ನ ಕೋಣೆಯ ಗೆಳತಿ ಆ ತಳದ ತಾಲ್ಲೂಕುಗಳಲ್ಲಿ ಒಂದಾದ ದೇವದುರ್ಗದವಳು. ರಾಯಚೂರು ಜಿಲ್ಲೆ. ಮೊದಲ ಎರಡು ತಿಂಗಳು ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ನಗು ತರಿಸುತ್ತಿತ್ತು. ನಾನು "ಬುಡು ಅತ್ಲಾಗೆ" ಎಂದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಊರಿಂದ ಬರುವಾಗ ಅವಳು ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದಳು. ನಾನು ಆಲೆಮನೆಯ ಬೆಲ್ಲ ತರುತ್ತಿದ್ದೆ. ರೊಟ್ಟಿ ಮುರಿದು ಬೆಲ್ಲ ಇಟ್ಟುಕೊಂಡು ತಿನ್ನುವುದು ನಾವಿಬ್ಬರೇ ಕಂಡುಹಿಡಿದ ತಿಂಡಿ ಎಂದುಕೊಂಡಿದ್ದೆವು.

ಎರಡನೆಯ ವರ್ಷ ಸೆಮಿನಾರಿಗೆ ನಾನು ಆರಿಸಿಕೊಂಡ ವಿಷಯ ನಂಜುಂಡಪ್ಪ ವರದಿ. ಅವಳ ಊರು ಅದರಲ್ಲಿದೆ ಎಂಬ ಕಾರಣಕ್ಕೇ ಆರಿಸಿಕೊಂಡೆನೇನೋ. ಗ್ರಂಥಾಲಯದಲ್ಲಿ ಇಬ್ಬರೂ ಕೂತು ಕೋಷ್ಟಕಗಳನ್ನು ಬರೆದುಕೊಂಡೆವು. ಅವಳು ತನ್ನ ತಾಲ್ಲೂಕಿನ ಸಾಲಿನ ಮೇಲೆ ಬೆರಳಿಟ್ಟು ಹೋಗುತ್ತಿದ್ದಳು. ಒಂದೊಂದು ಸಂಖ್ಯೆ ನೋಡಿದಾಗಲೂ "ಹೌದು, ಖರೇನ" ಎನ್ನುತ್ತಿದ್ದಳು. ತನ್ನ ಬದುಕನ್ನು ಯಾರೋ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಓದುವವರ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ನೋಡಿದೆ. ಸುಗ್ಗಿ ಮುಗಿದ ಕೂಡಲೆ ಅರ್ಧ ಊರು ಗುಳೆ ಹೋಗುತ್ತದೆ, ಬೆಂಗಳೂರು, ಪುಣೆಯ ಕಟ್ಟಡಗಳಲ್ಲಿ ದುಡಿಯುತ್ತದೆ, ಮಕ್ಕಳೂ ಹೋಗುತ್ತವೆ, ಅದಕ್ಕೇ ಶಾಲೆ ಬಿಟ್ಟವರ ಲೆಕ್ಕ ಹೀಗಿದೆ ಎಂದಳು. ಮಿರ್ಡಾಲ್ ಎಂಬ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಹೇಳಿದ್ದನ್ನು ನಾವು ಆಗ ಓದುತ್ತಿದ್ದೆವು. ಬೆಳೆದ ಪ್ರದೇಶ ಪಕ್ಕದ ಬಡ ಪ್ರದೇಶವನ್ನು ತಾನಾಗಿ ಮೇಲೆತ್ತುವುದಿಲ್ಲ, ಅಲ್ಲಿನ ದುಡ್ಡನ್ನೂ ದುಡಿಯುವ ಜನರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ, ಬಡತನವೇ ಮುಂದಿನ ಬಡತನಕ್ಕೆ ಕಾರಣವಾಗುತ್ತದೆ ಎಂಬ ವಾದ. ನನಗೆ ಅದು ಸಿದ್ಧಾಂತ. ಅವಳಿಗೆ ಅದು ಅವಳ ಅಪ್ಪ ಹತ್ತಿದ ಬಸ್ಸು.

ಸೆಮಿನಾರಿನ ದಿನ ನಾನು ಚೆನ್ನಾಗಿಯೇ ಮಾತಾಡಿದೆ. ಕೊನೆಯಲ್ಲಿ ಯಾರೋ ಕೇಳಿದರು, ಇಷ್ಟು ಕೋಟಿ ಸುರಿದರೆ ಆ ತಾಲ್ಲೂಕುಗಳು ಮುಂದೆ ಬರುತ್ತವೆಯೇ ಎಂದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗತ್ತು ಬಂತು. "ದುಡ್ಡು, ನೀರು ಕೊಡಬಹುದು. ದುಡಿಯೋ ಜನನೂ ಬೇಕಲ್ಲ. ಮಂಡ್ಯದೋರು ನೀರು ಬಂದ ಮೇಲೆ ಮೈಮುರಿದು ದುಡಿದರು" ಎಂದೆ. ಚಪ್ಪಾಳೆ ಬಿತ್ತು. ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು.

ರಾತ್ರಿ ಕೋಣೆಯಲ್ಲಿ ಅವಳು ಒಂದೇ ಮಾತು ಕೇಳಿದಳು. "ನಿಮ್ಮ ಮೈಸೂರಿನ ಹೊಸಾ ಕಟ್ಟಡಕ್ಕ ಕಲ್ಲು ಹೊರೋರು ಯಾರಂತ ನೋಡೀಯೇನು?" ನಾನು ಏನೂ ಹೇಳಲಿಲ್ಲ. ತಪ್ಪಾಯಿತು ಎನ್ನುವುದು ನಾಲಗೆಯ ತುದಿಯವರೆಗೂ ಬಂದಿತ್ತು. ಬೆಳಗ್ಗೆ ಹೇಳೋಣ ಎಂದುಕೊಂಡೆ. ಬೆಳಗ್ಗೆ, ಸಂಜೆ ಹೇಳೋಣ ಎಂದುಕೊಂಡೆ. ಮಾತು ಬಿಟ್ಟುಹೋಯಿತು. ಕೊನೆಯ ಸೆಮಿಸ್ಟರಿಗೆ ಅವಳು ಬರಲೇ ಇಲ್ಲ. ಯಾಕೆಂದು ನನಗೆ ಗೊತ್ತಾಗಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಅವಳ ಟ್ರಂಕನ್ನು ಅವಳ ಅಣ್ಣ ಬಂದು ಒಯ್ದ.

ಆ ಸಲದ ರಜೆಯಲ್ಲಿ ಊರಿಗೆ ಹೋದಾಗ, ಸೆಮಿನಾರಿನಲ್ಲಿ ಬಹುಮಾನವೇ ಬಂದಂತೆ ಅಪ್ಪನಿಗೆ ಹೇಳಿದೆ. "ನಮ್ದು ಮುಂದುವರ್ದಿರೋ ತಾಲ್ಲೂಕಂತೆ ಕನಪ್ಪ. ದೊಡ್ಡ ಕಮಿಟಿ ಮಾಡಿ ಲೆಕ್ಕ ಹಾಕವ್ರೆ."

ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ತಿರುಗಿ ನೋಡದೆ ಕೇಳಿದರು, "ಯಾರ್ ಮುಂದುವರ್ದಿರೋದಮ್ಮಿ? ನಾನಾ?"

ನಾನು ನೀರಾವರಿಯ ಶೇಕಡಾವಾರು ಲೆಕ್ಕ ಹೇಳಹೋದೆ. ಅವರು ಕೈಕೊಡವಿ ನಿಂತು, "ಸರ್ಕಾರ್ದೋರ್ಗೆ ನಾಲೆ ಕಾಣ್ತದೆ ಕನಮ್ಮಿ, ನೀರ್ ಕಾಣಕಿಲ್ಲ" ಎಂದರು.

ನನಗೆ 2002 ನೆನಪಾಯಿತು. ನಾನು ಕೆರಗೋಡಿನಲ್ಲಿ ಪಿಯುಸಿ ಓದುತ್ತಿದ್ದ ವರ್ಷ. ವರದಿ ಬಂದ ವರ್ಷವೂ ಅದೇ. ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿಗಾಗಿ ಜಿಲ್ಲೆಯೇ ಬೀದಿಗಿಳಿದಿತ್ತು. ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಬಂದರು. ಅಪ್ಪ ದಿನಾ ಧರಣಿಗೆ ಹೋಗಿ ಬರುತ್ತಿದ್ದರು. ಒಂದು ರಾತ್ರಿ ಅವ್ವ, "ನೀರು ಬುಟ್ರೂ ನಮ್ಮ ಗದ್ದೆಗೆ ಬತ್ತದಾ? ನೀನ್ಯಾಕೆ ಓಗೀಯೆ?" ಎಂದಿದ್ದಳು. ಅಪ್ಪ ಉತ್ತರ ಕೊಟ್ಟಿರಲಿಲ್ಲ. ಮರುದಿನವೂ ಹೋದರು. ಕಟ್ಟೆಯಲ್ಲಿ ನೀರಿದ್ದರೆ ಎಂದಾದರೂ ನಮಗೂ ಬಂದೀತು ಎಂಬುದೊಂದೇ ನಂಬಿಕೆ. ಆ ವರ್ಷ ಸೂಚ್ಯಂಕದ ಪ್ರಕಾರ ನಾವು 1ಕ್ಕಿಂತ ಮೇಲಿದ್ದೆವು.

2015 ಬಂದಾಗ ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ರೈತರು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡ ವರ್ಷ ಅದು. ದೇಶದ ಪತ್ರಿಕೆಗಳೆಲ್ಲ ಮಂಡ್ಯದ ಹೆಸರು ಬರೆದವು. ಅಷ್ಟು ನೀರಾವರಿ ಇರುವ ಕಡೆ ಯಾಕೆ ಹೀಗೆ ಎಂದು ಎಲ್ಲರೂ ಕೇಳಿದರು. ನಮ್ಮ ಮನೆಯ ಕಬ್ಬಿಗೂ ಕಟಾವಿನ ಪರ್ಮಿಟ್ ಬರಲಿಲ್ಲ. ಕಬ್ಬು ಗದ್ದೆಯಲ್ಲೇ ಒಣಗಿ ಸೂಲಂಗಿ ಬಿಟ್ಟಿತು. ಕೊನೆಗೆ ಅಪ್ಪ ಸಿಕ್ಕಷ್ಟಕ್ಕೆ ಆಲೆಮನೆಗೆ ಹಾಕಿದರು. ನನ್ನ ಸಂಬಳ ಇತ್ತು, ಹಾಗಾಗಿ ನಮ್ಮ ಮನೆ ನಿಂತಿತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸಂಬಳ ತರುವವರು ಯಾರೂ ಇರಲಿಲ್ಲ. ನಾನು ಚಿಕ್ಕಪ್ಪ ಎಂದು ಕರೆಯುತ್ತಿದ್ದ ಅವರನ್ನು ನಾವು ಉಳಿಸಿಕೊಳ್ಳಲಿಲ್ಲ. ಅವರ ಮನೆಮುಂದೆ ಶಾಮಿಯಾನದ ಕೆಳಗೆ ಕೂತಿದ್ದಾಗ, ಬಂದ ಅಧಿಕಾರಿಗಳ ಕೈಯಲ್ಲಿ ಒಂದು ಫಾರಂ ಇತ್ತು. ಸಾಲ ಎಷ್ಟು, ಯಾವ ಬ್ಯಾಂಕು, ಪಹಣಿ ಯಾರ ಹೆಸರಿನಲ್ಲಿ. ಎಣಿಸುವುದು ಆಗಲೂ ನಡೆದಿತ್ತು, ಆದರೆ ತಡವಾಗಿ. "ಮೈಮುರಿದು ದುಡಿದರು" ಎಂದು ನಾನು ಹೊಗಳಿದ್ದು ಇವರನ್ನೇ. ದುಡಿಮೆಯೊಂದೇ ಸಾಕಾಗಿದ್ದರೆ ಇವರು ಇರಬೇಕಿತ್ತು.

ಅಂದಿನಿಂದ ದೇವದುರ್ಗದವಳು ಬಿಡದೆ ನೆನಪಾಗತೊಡಗಿದಳು.

ನಮ್ಮ ಮನೆಯಲ್ಲಿ ಇನ್ನೊಂದು ತಕರಾರು ಇತ್ತು. ವರದಿ ಬಂದು ಎಷ್ಟೋ ವರ್ಷವಾದರೂ ದುಡ್ಡು ನಿಧಾನವಾಗಿಯೇ ಹರಿಯಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದೇ 2007-08ರಲ್ಲಿ. ಆಮೇಲೆ ಸಂವಿಧಾನಕ್ಕೆ 371(ಜೆ) ಸೇರಿ, 2013ರಿಂದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳವರಿಗೆ ಓದು, ಉದ್ಯೋಗದಲ್ಲಿ ಮೀಸಲು ಬಂತು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿದ್ದ ನನ್ನ ತಮ್ಮ ಒಂದು ಪಟ್ಟಿಯಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡ. "ಅವ್ರಿಗಾದ್ರೆ ಮೀಸಲು ಅದೆ, ನಮ್ಗೇನದೆ? ನಮ್ದು ಮುಂದುವರ್ದಿರೋ ಜಿಲ್ಲೆ!" ಎಂದು ಹಂಗಿಸಿದ. ಅವನ ಸಿಟ್ಟು ಸುಳ್ಳಲ್ಲ. ಎರಡೂವರೆ ಎಕರೆಯ ಕೊನೆಭಾಗದ ರೈತನ ಮಗನನ್ನು ಯಾವ ಸೂಚ್ಯಂಕ ನೋಡಿ ಮುಂದುವರಿದವನು ಎನ್ನುವುದು? ಆದರೆ ನಾನು ಅವನಿಗೆ ಹೇಳಿದೆ, ನಿನಗೆ ಸಿಗದೆ ಹೋದದ್ದು ಅನ್ಯಾಯ ಇರಬಹುದು, ಹಾಗೆಂದು ಅವರಿಗೆ ಸಿಕ್ಕಿದ್ದು ಅನ್ಯಾಯವಲ್ಲ ಎಂದು. ಅವನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಅವನ ಜೊತೆ ವಾದ ಮಾಡುವಾಗೆಲ್ಲ ನಾನು ನಿಜವಾಗಿ ವಾದ ಮಾಡುತ್ತಿದ್ದುದು ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ನನ್ನ ಜೊತೆಗೇ.

ಹಾಗಾಗಿ ಹೋದ ವರ್ಷ ಆ ಹುಡುಗಿ "ನಮ್ಮನೆ ಯಾಕೆ ಹಿಂಗಿದೆ" ಎಂದು ಕೇಳಿದಾಗ ನಾನು ಪಾಠ ಮುಂದುವರಿಸಲಿಲ್ಲ. ನಂಜುಂಡಪ್ಪನವರ 35 ಸೂಚಕಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಶ್ನೆಗಳಾಗಿ ಬರೆದು ಎಲ್ಲರಿಗೂ ಕೊಟ್ಟೆ. ತಾಲ್ಲೂಕಿಗೆ ಬೇಡ, ನಿಮ್ಮ ನಿಮ್ಮ ಊರಿಗೆ ಉತ್ತರ ಬರೆದು ತನ್ನಿ ಎಂದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತ್ತು. ದೊಡ್ಡವರು ಅಳೆಯುವಾಗ ನಾವೂ ಒಮ್ಮೆ ಅಳೆದು ನೋಡೋಣ ಎಂದೆ.

ಹದಿನೈದು ದಿನ ಬಿಟ್ಟು ಹಾಳೆಗಳು ಬಂದವು. ಟೆಲಿಫೋನಿನ ಪ್ರಶ್ನೆ ನೋಡಿ ಹುಡುಗರು ನಕ್ಕಿದ್ದರು, ಈಗ ಎಲ್ಲರ ಕೈಯಲ್ಲೂ ಮೊಬೈಲು. ಟ್ರ್ಯಾಕ್ಟರು ಎಲ್ಲ ಊರಲ್ಲೂ ಇದ್ದವು. ಒಬ್ಬ ಹುಡುಗ ಮಾತ್ರ ಪಕ್ಕದಲ್ಲಿ ಸಣ್ಣದಾಗಿ, "ಐದೂ ಒಬ್ಬರದೇ" ಎಂದು ಬರೆದಿದ್ದ. ಕರೆಂಟು ಎಲ್ಲ ಕಡೆ ಇತ್ತು, ಡಾಕ್ಟರು ಇರಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ 35ಕ್ಕೂ ಉತ್ತರ ಬರೆದು, ಕೆಳಗೆ ಗೆರೆ ಎಳೆದು 36 ಎಂದು ಹಾಕಿ ಒಂದು ಪ್ರಶ್ನೆ ತಾನೇ ಸೇರಿಸಿದ್ದಳು.

"ನಿಮ್ಮ ಜಮೀನು ತೂಬಿನಿಂದ ಎಷ್ಟನೆಯದು?"

ಅದರ ಮುಂದೆ ತನ್ನ ಉತ್ತರ ಬರೆದಿದ್ದಳು: ಕೊನೆಯದು.

ಆ ಹಾಳೆಯನ್ನು ಮನೆಗೆ ತಂದು ಬಹಳ ಹೊತ್ತು ನೋಡಿದೆ. ನಂಜುಂಡಪ್ಪನವರು ಇದನ್ನು ನೋಡಿದ್ದರೆ ಬೇಸರ ಪಡುತ್ತಿರಲಿಲ್ಲ ಎಂದು ನನಗನ್ನಿಸಿತು. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ನೋಡಿದ್ದು ಅವರೇ ತಾನೆ. ಈ ಹುಡುಗಿ ಅದೇ ದಾರಿಯಲ್ಲಿ ಇನ್ನೂ ನಾಲ್ಕು ಮೆಟ್ಟಿಲು ಇಳಿದು ತನ್ನ ಗದ್ದೆಯ ಬದುವಿನವರೆಗೆ ಬಂದಿದ್ದಳು. ಅಪ್ಪ ಹೇಳಿದ್ದೂ ಅದೇ. ವರದಿ ಸುಳ್ಳು ಎಂದಲ್ಲ, ಅದು ನಾಲೆಯವರೆಗೆ ಬಂದು ನಿಂತಿತು ಎಂದು.

ಅಂದು ರಾತ್ರಿ ನಾನು ಎಂ.ಎ. ಸಹಪಾಠಿಗಳ ಗುಂಪಿನಲ್ಲಿ ಕೇಳಿ ದೇವದುರ್ಗದವಳ ನಂಬರ್ ತೆಗೆದುಕೊಂಡೆ. ಫೋನ್ ಮಾಡಲು ಮೂರು ದಿನ ಹಿಡಿಯಿತು. ಅವಳು ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬೆಲ್ಲದಾಕಿ!" ಎಂದಳು.

ಅವಳು ತನ್ನ ತಾಲ್ಲೂಕಿನಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆ ವರ್ಷ ಅವಳ ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ. ಮನೆಯಲ್ಲಿ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಎಂ.ಎ. ಯನ್ನು ಆಮೇಲೆ ಮನೆಯಲ್ಲೇ ಕೂತು ಮುಗಿಸಿದಳಂತೆ. ನಾನು ಸೆಮಿನಾರಿನ ಮಾತು ತೆಗೆದೆ. ತಪ್ಪಾಯಿತು ಎಂದೆ. ಆ ಒಂದು ಪದ ಹೇಳಲು ಇಷ್ಟು ವರ್ಷ ಬೇಕಾಯಿತು.

"ನಾ ಏನೂ ಮರ್ತಿಲ್ಲವಾ" ಎಂದಳು. "ಆದ್ರ ಅದನ್ನ ಹಿಡ್ಕೊಂಡು ಕೂತಿಲ್ಲ. ಕೂಡಾಕ ಟೈಮರ ಎಲ್ಲಿತ್ತು?"

ಮತ್ತೆ ಅವಳೇ ಮಾತು ಮುಂದುವರಿಸಿದಳು. ನಾರಾಯಣಪುರ ಬಲದಂಡೆ ನಾಲೆಯ ನೀರು ಅವಳ ಕಡೆಯೂ ಬಂದಿದೆ. ಜೋಳ, ಸಜ್ಜೆಯ ಹೊಲದಲ್ಲಿ ಈಗ ಭತ್ತ ಕಾಣುತ್ತದೆ. ಗುಳೆ ಕಡಿಮೆಯಾಗಿದೆ, ನಿಂತಿಲ್ಲ. ಶಾಲೆಗೆ ಮಕ್ಕಳು ಮೊದಲಿಗಿಂತ ಹೆಚ್ಚು ಬರುತ್ತವೆ. "ನಮ್ಮ ಹೊಲಕ್ಕ ಮಾತ್ರ ನೀರು ಬಂದಿಲ್ಲ ನೋಡು. ಮ್ಯಾಲಿನವರು ಮುಗಿಸಿಬಿಡ್ತಾರ. ನಾವು ಕೆಳಭಾಗದೋರು" ಎಂದಳು.

ನಾನು ಮಾತಾಡಲಿಲ್ಲ. ಅವಳು, "ಹಲೋ, ಅದೀಯಾ?" ಎಂದು ಕೇಳಿದಳು. ಇದ್ದೇನೆ ಎಂದೆ. ನಮ್ಮ ಹುಡುಗಿಯ ಹಾಳೆಯ ಕತೆ ಹೇಳಿದೆ. 36ನೆಯ ಪ್ರಶ್ನೆ ಕೇಳಿ ಜೋರಾಗಿ ನಕ್ಕಳು, ಹಾಸ್ಟೆಲಿನಲ್ಲಿ ನಗುತ್ತಿದ್ದ ಹಾಗೆಯೇ.

"ಆ ಹಾಳಿ ಫೋಟೋ ತಗದು ನನಗ ಕಳಸು. ನಮ್ಮ ಏಳನೇತ್ತಿ ಹುಡುಗ್ರ ಕಡಿಂದ ಬರಸ್ತೀನಿ. ಆಕಿ ಬರದದ್ದು ನಿಮ್ಮ ಮಂಡ್ಯದ್ದಷ್ಟ ಪ್ರಶ್ನಿ ಅಲ್ಲ."

ಮರುದಿನ ತರಗತಿಯಲ್ಲಿ ಆ ಹುಡುಗಿಯ ಅನುಮತಿ ಕೇಳಿ ಫೋಟೋ ತೆಗೆದೆ. ಯಾರಿಗೆ ಮೇಡಂ ಎಂದಳು. ದೇವದುರ್ಗಕ್ಕೆ ಎಂದೆ. ಅದು ಎಲ್ಲಿದೆ ಎಂದು ಕೇಳಿದಳು. ಬೋರ್ಡಿನ ಮೇಲೆ ಕರ್ನಾಟಕದ ನಕ್ಷೆ ಬರೆದು, ಎರಡು ಚುಕ್ಕೆ ಇಟ್ಟೆ. ಒಂದು ಅಲ್ಲಿಗೆ, ಒಂದು ಕೆರಗೋಡಿಗೆ.